ಅರ್ಧ ಪಡಸಾಲೆಯ ಕೆಂಪು

ಈ ಬೇಸಿಗೆಯಲ್ಲಿ ನಂಟರೊಬ್ಬರ ಮನೆಯ ತೊಟ್ಟಿಲು ಕಾರ್ಯಕ್ಕೆಂದು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ ಹೋಗಿದ್ದೆ. ಬಸ್ಸಿಳಿದು ನಡೆದು ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಹೊಸ್ತಿಲ ಬಳಿ ಚಪ್ಪಲಿ ಬಿಡುವಾಗ ಎಣ್ಣೆಬಣ್ಣದ ವಾಸನೆ, ಅದರ ಹಿಂದೆಯೇ ಟರ್ಪಂಟೈನಿನ ಘಾಟು ಮೂಗಿಗೆ ಬಂತು. ಒಳಗಿನ ಕಲ್ಲಿನ ನೆಲಕ್ಕೆ ಕೆಂಪು ಬಳಿದಿದ್ದರು. ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡೆ.

"ಬರ್ರಿ ಕಾಕಾ, ಒಣಗೈತಿ," ಎಂದು ಮನೆಯ ಯಜಮಾನ ಒಳಗಿನಿಂದ ಕರೆದ.

ನನಗೆ ಹೋಗಲಾಗಲಿಲ್ಲ. ಕಾಲುನೋವಿನ ನೆಪ ಹೇಳಿ ಹೊರಗಿನ ಕಟ್ಟೆಯ ಮೇಲೆಯೇ ಕೂತೆ. ಊಟವನ್ನೂ ಅಲ್ಲಿಗೇ ತಂದುಕೊಟ್ಟರು. ಮುದುಕನ ಹಟ ಅಂದುಕೊಂಡಿರಬೇಕು. ಅನ್ನಲಿ. ಒಣಗಿದೆ ಎಂಬ ಆ ಒಂದು ಮಾತನ್ನು ನಾನು ಹಿಂದೆ ಒಂದು ಮಳೆಗಾಲ ಪೂರ್ತಿ ನನ್ನ ತಾಯಿಗೆ ಹೇಳದೇ ಉಳಿದಿದ್ದೆ. ಮ್ಯಾಟ್ರಿಕ್ ಓದಿ ಗುಮಾಸ್ತಿಕೆ ಮಾಡಿದವನು ನಾನು, ಬರಹಗಾರನಲ್ಲ. ಆದರೂ ಇದನ್ನು ಬಾಯಲ್ಲಿ ಹೇಳಲು ಆಗದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮನೆ ಗಂಗಾವತಿಯ ಹಳೆಯ ಭಾಗದ ಅಂಚಿನಲ್ಲಿದೆ. ಓಣಿ ಮುಗಿದ ಕೂಡಲೇ ಭತ್ತದ ಗದ್ದೆ. ಅಪ್ಪ ಕಟ್ಟಿಸಿದ ಮನೆ. ಪಡಸಾಲೆಗೆ ಅವನು ಶಹಾಬಾದಿನ ಫರಸಿ ಕಲ್ಲು ಹಾಸಿಸಿದ್ದ. ಆ ಕಾಲಕ್ಕೆ ಅದು ದೊಡ್ಡಸ್ತಿಕೆ. ಅಪ್ಪ ತೀರಿಕೊಂಡ ಮೇಲೆ ನಾನು ಮತ್ತು ತಮ್ಮ ಬಸವರಾಜ ಬೇರೆಯಾದೆವು. ಜಗಳವೇನೂ ಇರಲಿಲ್ಲ. ನನಗೆ ಭತ್ತದ ದಲಾಲಿ ನಡೆಸುವ ಅಡತಿ ಅಂಗಡಿಯ ಗುಮಾಸ್ತಿಕೆ, ಅವನಿಗೆ ಹೊಲ, ಎರಡೂ ಸಂಸಾರ ಬೆಳೆದಿದ್ದವು, ಒಂದೇ ಒಲೆ ಸಾಲುತ್ತಿರಲಿಲ್ಲ. ಹಿರಿಯರು ಕೂತು ಮನೆಯನ್ನು ಉದ್ದಕ್ಕೆ ಎರಡು ಪಾಲು ಮಾಡಿದರು. ಬಲಗಡೆಯ ಕೋಣೆ ಅಡಿಗೆಮನೆ ನನಗೆ, ಎಡಗಡೆಯವು ಅವನಿಗೆ. ಪಡಸಾಲೆಯೂ ಅರ್ಧರ್ಧ ಅಂತ ಕಾಗದದಲ್ಲಿ ಆಯಿತು, ಆದರೆ ನಡುವೆ ಗೋಡೆ ಹಾಕಲಿಲ್ಲ. ಹಾಕಿದರೆ ಎರಡೂ ಕಡೆ ಕತ್ತಲಾಗುತ್ತಿತ್ತು. ಹಾಗಾಗಿ ಎಲ್ಲಿಗೆ ನನ್ನದು ಮುಗಿದು ಎಲ್ಲಿಂದ ಅವನದು ಶುರು ಅನ್ನುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೆಲ ಒರೆಸುವಾಗ ನನ್ನ ಹೆಂಡತಿ ನೀಲಮ್ಮನ ಕೈಯಲ್ಲಿ ಅರಿವೆ ಇದ್ದರೆ ಅವಳೇ ಇಡೀ ಪಡಸಾಲೆ ಒರೆಸುತ್ತಿದ್ದಳು, ತಮ್ಮನ ಹೆಂಡತಿ ಗೌರವ್ವನ ಕೈಯಲ್ಲಿದ್ದರೆ ಅವಳು.

ಅವ್ವನನ್ನೂ ಪಾಲು ಮಾಡಿದೆವು. ನಮ್ಮ ಕಡೆ ಇದಕ್ಕೆ ಪಾಳಿ ಅನ್ನುತ್ತೇವೆ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ನನ್ನ ಪಾಳಿ, ಆಮೇಲೆ ತಮ್ಮನದು. ಹೆಸರಿಗೆ ಪಾಳಿ ಅಷ್ಟೇ. ಅವ್ವ ಮಲಗುವ ಜಾಗ ಬದಲಾಗುತ್ತಲೇ ಇರಲಿಲ್ಲ. ಪಡಸಾಲೆಯ ಕಂಬದ ಬುಡದಲ್ಲಿ, ಎದುರು ಬಾಗಿಲ ಗಾಳಿ ಬರುವ ಕಡೆ ಅವಳ ಚಾಪೆ, ಕೌದಿ, ಎಲೆಯಡಿಕೆಯ ಸಂಚಿ, ಉಗುಳಲು ಬೂದಿ ಹಾಕಿದ ಒಂದು ಡಬ್ಬಿ. ರೊಟ್ಟಿ ಯಾವ ಒಲೆಯಿಂದ ಬರುತ್ತದೆ ಅನ್ನುವುದೊಂದೇ ಪಾಳಿಯ ವ್ಯತ್ಯಾಸ. ಅವ್ವ ಅದಕ್ಕೂ ಚೇಷ್ಟೆ ಮಾಡುತ್ತಿದ್ದಳು. ಅಮಾವಾಸ್ಯೆಯ ದಿನ ಇಬ್ಬರು ಸೊಸೆಯಂದಿರಿಗೂ ಕೇಳಿಸುವಂತೆ, ಇವತ್ತು ಮಧ್ಯಾಹ್ನದ ರೊಟ್ಟಿ ಯಾವ ರಾಜ್ಯದ್ದು ಅನ್ನುತ್ತಿದ್ದಳು.

ಆ ವರ್ಷ ಮಗಳು ಸುಮಾಳಿಗೆ ಕೊಪ್ಪಳದ ಸಂಬಂಧ ಬಂತು. ಹುಡುಗನಿಗೆ ಸರಕಾರಿ ನೌಕರಿ, ಮನೆತನ ಒಳ್ಳೆಯದು. ನಾವು ಅವರ ಮನೆ ನೋಡಲು ಹೋದಾಗ ಕಾಲಿಟ್ಟರೆ ಮುಖ ಕಾಣುವಂಥ ಟೈಲ್ಸ್ ಹಾಕಿಸಿದ್ದರು. ಅಲ್ಲಿಂದ ವಾಪಸು ಬಂದು ನಮ್ಮ ಪಡಸಾಲೆಯಲ್ಲಿ ನಿಂತಾಗ ನಾನು ಮೊದಲ ಸಲ ನೆಲವನ್ನು ನೋಡಿದೆ. ನಡೆದು ನಡೆದು ಕಲ್ಲು ತಗ್ಗು ಬಿದ್ದಿತ್ತು. ಅಲ್ಲಲ್ಲಿ ಪದರು ಎದ್ದು ಕಾಲಿಗೆ ಚುಚ್ಚುತ್ತಿತ್ತು. ಸಂದಿಯ ಸಿಮೆಂಟು ಹೋಗಿ ಇರುವೆ ಗೂಡು ಮಾಡಿದ್ದವು. ಇಂಥ ನೆಲದ ಮೇಲೆ ಬೀಗರನ್ನು ಕೂಡಿಸುವುದು ಹೇಗೆ ಅನ್ನುವ ಚಿಂತೆ ಹತ್ತಿತು. ಟೈಲ್ಸ್ ನನ್ನ ಕೈಗೆ ಎಟುಕುವ ಮಾತಾಗಿರಲಿಲ್ಲ, ಮದುವೆಯ ಖರ್ಚೂ ಎದುರಿಗಿತ್ತು. ಆಗ ಬಣ್ಣದ ಅಂಗಡಿಯವನು, ಕಲ್ಲಿನ ಮೇಲೆ ಎಣ್ಣೆಬಣ್ಣ ಬಳಿದು ಮೇಲೊಂದು ವಾರ್ನಿಶ್ ಕೊಟ್ಟರೆ ಹೊಸದಾಗಿ ಕಾಣುತ್ತದೆ ಅಂದ.

ತಮ್ಮನಿಗೆ ಹೇಳಿದೆ. ಅವನು ಸಂತೋಷದಿಂದಲೇ ಕೇಳಿಸಿಕೊಂಡ. ಆದರೆ ಅವನ ಕೈಯಲ್ಲಿ ಆಗ ಏನೂ ಇರಲಿಲ್ಲ.

"ಒಂದೀಟು ತಡೀ ಅಣ್ಣಾ. ಭತ್ತ ಹೋಗ್ಲಿ, ಇಬ್ರೂ ಕೂಡಿ ಪೂರಾ ಪಡಸಾಲಿಗೆ ಹಚ್ಚೋಣು," ಅಂದ.

ಬೀಗರು ನೀನು ಭತ್ತ ಮಾರುವ ತನಕ ಕಾಯುವುದಿಲ್ಲ ಅಂದೆ. ಅದು ನಿಜವೇ. ಆದರೆ ಅವರಲ್ಲಿ ಒಂದು ಮಾತು ಕೇಳಿ ನೋಡಬಹುದಿತ್ತು, ನಾನು ಕೇಳಲಿಲ್ಲ. ಅರ್ಧಕ್ಕೆ ಸಾಲುವ ಬಣ್ಣ ತಂದೆ. ಅದೂ ಡಬ್ಬಿ ಒಡೆಯದ ಹೊಸ ಬಣ್ಣವಲ್ಲ. ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಪರಿಚಯದವನೊಬ್ಬ ತನ್ನಲ್ಲಿ ಉಳಿದ ಕೆಂಪು ಬಣ್ಣವನ್ನು ಕಡಿಮೆಗೆ ಕೊಟ್ಟ. ವಾರ್ನಿಶ್ ಮಾತ್ರ ಅಂಗಡಿಯದು.

ಕೂಲಿಗೆ ಜನ ಹಚ್ಚಲಿಲ್ಲ, ಮನೆಯವರೇ ಮಾಡಿದೆವು. ಮೊದಲು ಕುರ್ಪಿಯಿಂದ ಎದ್ದ ಪದರನ್ನೆಲ್ಲ ಕೆರೆದು, ಸಂದಿಯ ಮಣ್ಣು ತೆಗೆದು, ವಾಷಿಂಗ್ ಸೋಡಾ ಹಾಕಿ ತಂತಿಬ್ರಶ್ಶಿನಿಂದ ತಿಕ್ಕಿದೆವು. ವರ್ಷಗಟ್ಟಲೆಯ ಎಣ್ಣೆಜಿಡ್ಡು ಕಪ್ಪಗೆ ಹರಿದು ಅಂಗಳ ಸೇರಿತು. ಸುಮಾ ಸಂದಿಗಳಿಗೆ ಸಿಮೆಂಟು ತುಂಬಿದಳು, ತಗ್ಗು ಬಿದ್ದಲ್ಲಿ ತೆಳ್ಳಗೆ ಮೆತ್ತಿದಳು. ಅವಳಿಗೆ ಕೈಗೆಲಸ ಚೆನ್ನಾಗಿ ಬರುತ್ತಿತ್ತು. ಗೌರವ್ವ ತನ್ನ ಕೆಲಸ ಬಿಟ್ಟು ಬಂದು ನೀರು ಹೊತ್ತಳು. ಅವಳ ಕಡೆಯ ನೆಲಕ್ಕೆ ಏನೂ ಆಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು, ಆದರೂ ಹೊತ್ತಳು.

ಕಲ್ಲು ಒಣಗಿದ ಮೇಲೆ ಗಡಿ ಹಾಕುವ ಮಾತು ಬಂತು. ಎಲ್ಲಿಯವರೆಗೆ ಬಳಿಯುವುದು? ಬಾಗಿಲ ನಡುವಿನಿಂದ ಹಿಂದಿನ ಗೋಡೆಯ ನಡುವಿಗೆ ಸುಣ್ಣ ಹಚ್ಚಿದ ದಾರ ಹಿಡಿಯಬೇಕಾಗಿತ್ತು. ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಗೆ ತಮ್ಮನನ್ನು ಕರೆದೆ. ಅವನು ಹೊಲದಿಂದ ಬಂದವನು ಕೈ ತೊಳೆದುಕೊಂಡು ಬಂದು ಹಿಡಿದ.

"ಒಂದ್ ಬೊಟ್ಟು ನನ್ನ ಕಡೆ ಬಂದ್ರೂ ಅಡ್ಡಿ ಇಲ್ಲ, ಜಗ್ಗಿ ಹಿಡಿ," ಅಂದ.

ದಾರ ಎತ್ತಿ ಬಿಟ್ಟೆ. ನೆಲದ ಮೇಲೆ ಬಿಳಿ ಗೆರೆ ಬಿತ್ತು. ಅದು ಕಲ್ಲಿನ ಸಂದಿಗೆ ಸರಿಯಾಗಿ ಬೀಳಲಿಲ್ಲ, ಒಂದು ಸಾಲು ಕಲ್ಲುಗಳ ಹೊಟ್ಟೆಯ ಮೇಲೆ ಹಾದುಹೋಯಿತು. ಅವ್ವನ ಚಾಪೆಯ ಕಂಬ ನನ್ನ ಕಡೆಗೆ ಬಿತ್ತು. ಇಡೀ ಕಲ್ಲಿನವರೆಗೆ ಬಳಿಯೋಣ, ಅರ್ಧ ಕಲ್ಲು ಚಂದ ಕಾಣುವುದಿಲ್ಲ ಅಂತ ಸುಮಾ ಹೇಳಿದಳು. ಬಣ್ಣ ಸಾಲುವುದಿಲ್ಲ ಅಂದೆ. ಗೆರೆಗೆ ಕಾಗದ ಅಂಟಿಸಿ, ನೇರವಾಗಿ, ನಾಜೂಕಾಗಿ ಬಳಿದೆ. ಆ ಕೆಲಸದಲ್ಲಿ ನನಗೆ ಹೆಮ್ಮೆಯೂ ಇತ್ತು. ಮರುದಿನ ಕಾಗದ ಕಿತ್ತಾಗ ಒಂದು ಕಡೆ ಕಡುಗೆಂಪು, ಒಂದು ಕಡೆ ಬೂದು. ತಮ್ಮ ಬಾಗಿಲಲ್ಲಿ ನಿಂತು ನೋಡಿ, ನಮ್ಮ ಪಡಸಾಲೆಗೆ ಟ್ರಾಲಿ ಬಂದು ನಿಂತಿದೆ ಅಂತ ನಕ್ಕ. ಎಲ್ಲರೂ ನಕ್ಕೆವು.

ಬಳಿಯುವ ದಿನ ಅವ್ವನ ಚಾಪೆಯನ್ನು ತಮ್ಮನ ಕಡೆ ಸರಿಸಿದ್ದೆವು. ಒಣಗುವ ತನಕ ಅಲ್ಲಿರು ಅಂದೆ. ಒಣಗಿದ ಮೇಲೆ ಹೇಳಪಾ ಅಂದಳು. ಹೇಳುತ್ತೇನೆ ಅಂದೆ.

ಎರಡು ಸಲ ಬಣ್ಣ, ಅದರ ಮೇಲೆ ವಾರ್ನಿಶ್ ಮುಗಿಯಿತು. ಬಿಸಿಲಿನ ದಿನಗಳಾದ್ದರಿಂದ ಬೇಗ ಒಣಗಿತು. ಕೆಂಪು ನೆಲ ಹೊಳೆಯುತ್ತಿತ್ತು. ಅದರ ಮೇಲೆ ಬರಿಗಾಲಲ್ಲಿ ನಿಂತಾಗ ನಾನೊಬ್ಬ ಬೇರೆ ಮನುಷ್ಯ ಅನಿಸಿತು. ಆಗ ಕಂಬದ ಬುಡ ನೋಡಿದೆ. ಅವ್ವ ಮೊದಲು ಮಲಗುತ್ತಿದ್ದಲ್ಲಿ ಎಲೆಯಡಿಕೆಯ ಕಲೆಗಳು ಕಲ್ಲಿಗಿಳಿದಿದ್ದವು. ಎಷ್ಟು ತಿಕ್ಕಿದರೂ ಹೋಗದೆ ಬಣ್ಣದ ಕೆಳಗೆ ಮುಚ್ಚಿದ್ದೆ. ಅವಳ ಕೈ ನಡುಗುತ್ತಿತ್ತು. ಉಗುಳಿದ್ದು ಕೆಲವೊಮ್ಮೆ ಡಬ್ಬಿಯ ಹೊರಗೆ ಬೀಳುತ್ತಿತ್ತು. ಇತ್ತೀಚೆಗೆ ಮೂತ್ರವೂ ಹಿಡಿತದಲ್ಲಿ ಇರುತ್ತಿರಲಿಲ್ಲ. ಬೀಗರು ಬಂದುಹೋಗಲಿ, ಆಮೇಲೆ ಚಾಪೆ ಸರಿಸಿದರಾಯಿತು ಅಂದುಕೊಂಡೆ. ನೀಲಮ್ಮ ಹಾಗೆ ಹೇಳಿಕೊಟ್ಟಳು ಅಂತ ಬರೆದರೆ ಸುಲಭ. ಅವಳು ಈಗ ಇಲ್ಲ, ಎದುರು ಮಾತಾಡುವವರಿಲ್ಲ. ಆದರೆ ಅವಳು ಹೇಳಲಿಲ್ಲ. ಅದು ನನ್ನದೇ ವಿಚಾರ.

ಬೀಗರು ಬಂದರು. ಕೆಂಪು ನೆಲದ ಮೇಲೆ ಜಮಖಾನೆ ಹಾಸಿ ಕೂಡಿಸಿದೆವು. ಉಪ್ಪಿಟ್ಟು, ಚಹಾ, ಮಾತು ಎಲ್ಲ ಸರಾಗವಾಗಿ ನಡೆಯಿತು. ಹುಡುಗನ ತಾಯಿ ಪಡಸಾಲೆಯನ್ನೆಲ್ಲ ಒಮ್ಮೆ ನೋಡಿ, ಆಚೆ ಬೂದುಗಲ್ಲಿನ ಮೇಲೆ ಗೋಡೆಗೊರಗಿ ಕೂತ ಅವ್ವನನ್ನು ಕಂಡರು. ಹಿರಿಯರಿಗೆ ಮರ್ಯಾದೆ ಕೊಡಬೇಕೆಂದು ಎದ್ದು ಕೈಮುಗಿದರು.

"ಅಲ್ಲ್ಯಾಕ ಕುಂತೀರಿ ಅವ್ವಾರ? ಮೊಮ್ಮಗಳ ಶುಭಕಾರ್ಯ, ಈ ಕಡೆ ಬರ್ರಿ."

ಎಲ್ಲರೂ ಅವ್ವನ ಕಡೆ ತಿರುಗಿದರು. ಅಂದು ನನ್ನ ಪಾಳಿ. ಬೆಳಿಗ್ಗೆಯ ರೊಟ್ಟಿಯನ್ನು ನೀಲಮ್ಮ ಗೆರೆಯ ಈಚೆ ನಿಂತು ಆಚೆಗೆ ಕೊಟ್ಟಿದ್ದಳು. ಅವ್ವ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತೆವಳಿಕೊಂಡು ಮುಂದೆ ಬಂದು, ಗೆರೆಯ ಈಚೆಗೆ, ಕೆಂಪಿನ ಮೇಲೆ ಅಂಗೈ ಊರಿದಳು. ಒತ್ತಿ ಹಿಡಿದು ಎತ್ತಿದಳು. ಅಂಗೈ ಸ್ವಚ್ಛವಾಗಿತ್ತು. ನಾನು ನೋಡಿದೆ, ಅವಳೂ ನೋಡಿಕೊಂಡಳು. ಕೈಯನ್ನು ಮಡಿಸಿ ಸೆರಗಿನಲ್ಲಿ ಇಟ್ಟುಕೊಂಡಳು.

"ಇನ್ನಾ ಹಸಿ ಐತಿ ನಮ್ಮವ್ವಾ. ಸೀರಿಗೆ ಹತ್ತತೈತಿ. ಒಣಗಿದ ಮ್ಯಾಲೆ ಕರೀತಾನ ನನ್ನ ಮಗ."

ಬೀಗರು ಇಷ್ಟು ಜನ ಅದೇ ನೆಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಹುಡುಗನ ತಾಯಿ ನಕ್ಕುಬಿಟ್ಟರು. ವಯಸ್ಸಾದ ಮೇಲೆ ಬುದ್ಧಿ ಮಕ್ಕಳ ಹಾಗೆ ಆಗುತ್ತದೆ ಅಂತ ಅವರ ಯಜಮಾನರು ಅಂದರು. ಅವರೆಲ್ಲ ನಕ್ಕರು. ನಾನೂ ನಕ್ಕೆ. ಹೌದ್ರಿ, ಈಚೀಚೆಗೆ ಹೀಗೇ ಏನಾದರೂ ಅನ್ನುತ್ತಿರುತ್ತಾಳೆ ಅಂದೆ. ಗೆರೆಯ ಆಚೆ ನಿಂತಿದ್ದ ತಮ್ಮ ನಗಲಿಲ್ಲ. ಸುಮಾ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಂಬಂಧ ಗಟ್ಟಿಯಾಯಿತು. ದೀಪಾವಳಿ ಕಳೆದು ಮದುವೆ ಅಂತಾಯಿತು. ಅಲ್ಲಿಯ ತನಕ ಬೀಗರ ಕಡೆಯವರು ಬರುತ್ತ ಹೋಗುತ್ತ ಇರುತ್ತಾರೆ, ನೆಲ ಹೀಗೇ ಇರಲಿ ಅಂದುಕೊಂಡೆ. ಅವ್ವ ತಾನಾಗಿಯೇ ನನಗೊಂದು ನೆಪ ಕೊಟ್ಟಿದ್ದಳು. ನಾನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡೆ.

ಮಳೆ ಹಿಡಿಯಿತು. ಮುನಿರಾಬಾದಿನ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟರು. ಓಣಿಯಾಚೆಯ ಗದ್ದೆಗಳೆಲ್ಲ ತುಂಬಿ ನಾಟಿ ಶುರುವಾಯಿತು. ಕಾಲುವೆ ಬಂದಾಗಿನಿಂದ ನಮ್ಮ ಭಾಗದ ಮನೆಗಳಲ್ಲಿ ಮಳೆಗಾಲದಲ್ಲಿ ನೆಲದ ತೇವ ಮೇಲೆ ಬರುತ್ತದೆ. ಹಿಂದಿನ ವರ್ಷಗಳಲ್ಲಿ ಇಡೀ ಪಡಸಾಲೆ ಸ್ವಲ್ಪ ಸ್ವಲ್ಪ ಒದ್ದೆಯಾಗಿ, ಗಾಳಿ ಬಂದರೆ ಆರಿಹೋಗುತ್ತಿತ್ತು. ಆ ವರ್ಷ ಹಾಗಾಗಲಿಲ್ಲ. ನನ್ನ ಕಡೆಯ ಸಂದಿಗಳಿಗೆಲ್ಲ ಸಿಮೆಂಟು, ಮೇಲೆ ಬಣ್ಣ, ಅದರ ಮೇಲೆ ವಾರ್ನಿಶ್. ಕೆಳಗಿನ ತೇವಕ್ಕೆ ಅಲ್ಲಿ ಬಾಯಿಯೇ ಇರಲಿಲ್ಲ. ಅದೆಲ್ಲ ತಮ್ಮನ ಕಡೆಗೆ ಹೋಗಿ ಅಲ್ಲಿ ಎದ್ದಿತು. ಅವನ ಕಲ್ಲುಗಳು ಬೆವರಿದವು, ಸಂದಿಗಳಲ್ಲಿ ಬಿಳಿ ಉಪ್ಪು ಹೂವಿನಂತೆ ಅರಳಿತು. ಗೌರವ್ವ ದಿನಾ ಬೆಳಿಗ್ಗೆ ಒರೆಸುತ್ತಿದ್ದಳು, ಮಧ್ಯಾಹ್ನಕ್ಕೆ ಮತ್ತೆ ಒದ್ದೆ. ಅವಳು ಒರೆಸುವ ಅರಿವೆ ಗೆರೆಯ ಹತ್ತಿರ ಬಂದು ನಿಲ್ಲಲು ಶುರುವಾದದ್ದು ಆಗಲೇ. ಈಚೆ ಕಡೆ ನೀಲಮ್ಮನದೂ ಗೆರೆಗೇ ನಿಂತಿತು.

ಅವ್ವನ ಕೋಣೆಯೆಂದರೆ ಆ ಪಡಸಾಲೆಯೇ. ತಮ್ಮನ ಒಳಕೋಣೆಯಲ್ಲಿ ಭತ್ತದ ಚೀಲ, ಗೊಬ್ಬರ, ಅವನ ಮಕ್ಕಳು. ಗೌರವ್ವ ಚಾಪೆಯ ಕೆಳಗೆ ಗೋಣಿಚೀಲ ಹಾಸಿದಳು, ಆಮೇಲೆ ಒಂದು ಹಳೆಯ ಬಾಗಿಲ ಹಲಗೆ ತಂದು ಹಾಕಿದಳು. ಆದರೂ ಕೌದಿಗೆ ಮುಗ್ಗಲು ವಾಸನೆ ಹತ್ತಿತು. ಅವ್ವನಿಗೆ ಮೊದಲು ಮೊಣಕಾಲು ಹಿಡಿಯಿತು, ಆಮೇಲೆ ಕೆಮ್ಮು ಬಂತು.

ಅಮಾವಾಸ್ಯೆ ಬಂದು ಮತ್ತೆ ನನ್ನ ಪಾಳಿಯಾಯಿತು. ನಾನು ಅಂಗಡಿಗೆ ಹೊರಟಿದ್ದಾಗ ತಮ್ಮ ಅಡ್ಡ ಬಂದು ನಿಂತ. ಅವನು ಎಂದೂ ನನಗೆ ಎದುರು ನಿಂತವನಲ್ಲ.

"ಅಣ್ಣಾ, ಅವ್ವನ ಚಾಪಿ ನಿನ್ನ ಕಡೆ ಹಾಕ್ಲೇನು? ಇಲ್ಲಿ ಭಾಳ ಥಂಡಿ ಆಗೈತಿ."

"ವಾರ್ನಿಶ್ ಇನ್ನಾ ಪೂರಾ ಹಿಡದಿಲ್ಲೋ. ಮಳಿ ನೋಡು ಹೆಂಗೈತಿ. ಇನ್ನೊಂದೀಟು ದಿನ ತಡೀ."

ನಾನು ನಿಂತಿದ್ದದ್ದು ಆ ವಾರ್ನಿಶ್ಶಿನ ಮೇಲೆಯೇ. ಅವನು ನನ್ನ ಪಾದಗಳನ್ನು ನೋಡಿದ. ಹೂಂ ಅಂದ. ಹೊಲಕ್ಕೆ ಹೋದ. ಹಲಗೆಯ ಮೇಲೆ ಮಲಗಿದ್ದ ಅವ್ವ ಎಚ್ಚರವಾಗಿಯೇ ಇದ್ದಳು. ಕಣ್ಣು ಮುಚ್ಚಿಕೊಂಡಳು.

ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಲಿಲ್ಲವೆಂದಲ್ಲ. ಹೋದೆ. ಔಷಧಿ ತಂದೆ. ಹಾಲು, ಬ್ರೆಡ್ಡು, ಒಳ್ಳೆಯ ಎಲೆಯಡಿಕೆ ಎಲ್ಲವನ್ನೂ ಗೆರೆಯ ಆಚೆಗೆ ಕೊಟ್ಟೆ. ಬೆಚ್ಚಗಿನ ಜಾಗದಲ್ಲಿ ಮಲಗಿಸಿ ಅಂತ ಡಾಕ್ಟರು ಹೇಳಿದ್ದನ್ನು ಮಾತ್ರ ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಅವ್ವನ ಎದುರಿಗೇ ಅವರು ಹೇಳಿದ್ದು. ಅವಳೂ ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ನಾನು ಅಂಗಡಿಯಿಂದ ಬಂದಾಗ ಪಡಸಾಲೆಯಲ್ಲಿ ಅವಳೊಬ್ಬಳೇ ಇದ್ದಳು. ಹತ್ತಿರ ಕರೆದಳು. ಗೆರೆ ದಾಟಿ ಹೋಗಿ ಕೂತೆ. ನನ್ನ ಪ್ಯಾಂಟಿಗೆ ಕೂಡಲೇ ತೇವ ತಟ್ಟಿತು. ನನ್ನ ಕೈ ಹಿಡಿದು, ಸುಮಾಳ ಸೀರೆ ತಂದಿರೇನು, ಯಾವ ಬಣ್ಣ, ಅಂತ ಕೇಳಿದಳು. ಹೇಳಿದೆ. ಆಮೇಲೆ ಕೆಂಪು ನೆಲದ ಕಡೆ ನೋಡಿ ಕೇಳಿದಳು.

"ಒಣಗೈತೇನಪಾ?"

ಆಗ ಹೌದು ಅಂದುಬಿಡಬಹುದಿತ್ತು. ಅವಳನ್ನು ಎತ್ತಿಕೊಂಡು ಬರಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ, ಅಷ್ಟು ಹಗುರಾಗಿದ್ದಳು.

"ಇನ್ನಾ ಇಲ್ಲ ಯವ್ವಾ," ಅಂದೆ.

"ಆಗ್ಲಿ ತಗೋ. ಮದಿವಿ ಆಗ್ಲಿ," ಅಂದಳು.

ಅವಳಿಗೆ ಎಲ್ಲ ಗೊತ್ತಿತ್ತು. ಯಾಕೆ ಅನ್ನುವುದೂ, ಎಲ್ಲಿಯ ತನಕ ಅನ್ನುವುದೂ.

ಶ್ರಾವಣ ಮುಗಿಯುವುದರೊಳಗೆ ಅವಳು ತೀರಿಕೊಂಡಳು, ತಮ್ಮನ ಪಾಳಿಯಲ್ಲಿ, ತಮ್ಮನ ಕಡೆ. ಕುಷ್ಟಗಿಯ ತಂಗಿಗೆ, ಬೀಗರಿಗೆ, ಎಲ್ಲರಿಗೂ ಫೋನು ಮಾಡಿದೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಹಾರ ಹಾಕಿ ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಬಂದವರು ಎದುರಿಗೆ ಕೂಡುತ್ತಾರೆ. ಓಣಿಯ ಹಿರಿಯರು, ಎಲ್ಲಿ ಕೂಡಿಸೋಣ ಅಂತ ಕೇಳಿದರು. ಆಗಲೇ ಜನ ಸೇರತೊಡಗಿದ್ದರು. ಬೀಗರೂ ದಾರಿಯಲ್ಲಿದ್ದರು. ನಾನು ಹಿರಿಯ ಮಗ.

"ನಮ್ಮ ಕಡೆ ಕುಂದ್ರಿಸೋಣು. ನೆಲ ಛಲೋ ಐತಿ," ಅಂದೆ.

ಅವ್ವನ ಬೆನ್ನಿಗೆ ಕೈಕೊಟ್ಟು ಹಿಡಿದಿದ್ದ ತಮ್ಮ ತಲೆ ಎತ್ತಿದ. ಅವನ ದನಿ ಏರಲಿಲ್ಲ.

"ಬ್ಯಾಡ ಅಣ್ಣಾ. ಅದು ಇನ್ನಾ ಹಸಿ ಐತಿ."

ಅವನು ಅದನ್ನು ನನಗೆ ಹೇಳಿದ್ದು. ಆದರೆ ಕೇಳಿದವರೆಲ್ಲ ನಂಬಿದರು. ಒಬ್ಬರಿಗೊಬ್ಬರು, ಆ ಕಡೆ ಕಾಲಿಡಬೇಡಿ, ಬಣ್ಣ ಹಸಿ ಇದೆ ಅಂತ ಹೇಳಿಕೊಂಡರು. ಬೂದುಗಲ್ಲಿನ ಗೋಡೆಗೆ ಅವ್ವನನ್ನು ಕೂಡಿಸಿದರು. ಭಜನೆಯವರು, ನೆಂಟರು, ಓಣಿಯ ಹೆಂಗಸರು ಎಲ್ಲ ಆ ಅರ್ಧದಲ್ಲೇ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತರು. ಒಳಗೆ ಹಿಡಿಯದವರು ಮಳೆಯಲ್ಲಿ ಅಂಗಳದಲ್ಲಿ ನಿಂತರು. ಇತ್ತ ನನ್ನ ಅರ್ಧ ಪಡಸಾಲೆ ಬೆಳಿಗ್ಗೆಯಿಂದ ಮಣ್ಣಿಗೊಯ್ಯುವವರೆಗೆ ಖಾಲಿ ಬಿದ್ದಿತ್ತು. ಕೆಂಪಗೆ, ಒಣಗಿ, ಒಂದೂ ಕಲೆಯಿಲ್ಲದೆ ಹೊಳೆಯುತ್ತಿತ್ತು. ಅದು ಹಸಿ ಇಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಮೊದಲಿನದನ್ನೂ ಹೇಳಬೇಕಾಗುತ್ತಿತ್ತು. ಅಂಗಡಿಯ ಸಾಹುಕಾರರು ಗೆರೆಯ ಅಂಚಿನಲ್ಲಿ ತುದಿಗಾಲಲ್ಲಿ ದಾಟಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಮದುವೆ ಕೊಪ್ಪಳದ ಕಲ್ಯಾಣ ಮಂಟಪದಲ್ಲಾಯಿತು. ಬೀಗರು ಆಮೇಲೆ ನಮ್ಮ ಮನೆಗೆ ಬಂದದ್ದು ಕಡಿಮೆ. ಸುಮಾ ತವರಿಗೆ ಬಂದರೆ ಇಂದಿಗೂ ಮೊದಲು ಕಾಕಾನ ಕಡೆ ಹೋಗಿ ನೆಲದ ಮೇಲೆ ಕೂಡುತ್ತಾಳೆ. ಅಲ್ಲಿಂದಲೇ ನನ್ನನ್ನು ಮಾತಾಡಿಸುತ್ತಾಳೆ.

ಬಣ್ಣ ಇನ್ನೊಂದು ಮಳೆಗಾಲ ಮಾತ್ರ ತಾಳಿತು. ಕೆಳಗೆ ಸಿಕ್ಕಿಕೊಂಡ ತೇವ ಅಲ್ಲಲ್ಲಿ ಗುಳ್ಳೆಯಾಗಿ ಎದ್ದು, ಗಾಯದ ಹಕ್ಕಳೆಯ ಹಾಗೆ ಉದುರಿತು. ನಾನೇ ಕುರ್ಪಿ ಹಿಡಿದು ಪೂರಾ ಕೆರೆದೆ. ಕಲ್ಲಿನೊಳಗೆ ಇಳಿದ ಕೆಂಪು ಹೋಗಲಿಲ್ಲ. ಕಂಬದ ಬುಡದಲ್ಲಿ ಆ ಕೆಂಪು ಯಾವುದು, ಅವ್ವನ ಎಲೆಯಡಿಕೆಯ ಕಲೆ ಯಾವುದು ಅಂತ ಈಗ ಹೇಳಲು ಬರುವುದಿಲ್ಲ. ನೀಲಮ್ಮ ಹೋದಳು. ತಮ್ಮ ನನ್ನ ಜೊತೆ ಮಾತು ಬಿಟ್ಟಿಲ್ಲ. ನೀರು ಬಂತು, ಕರೆಂಟು ಹೋಯಿತು, ಯಾರೋ ಬಂದಿದ್ದಾರೆ, ಇಂಥವು ನಡೆಯುತ್ತವೆ. ಅಣ್ಣಾ ಅಂತಲೇ ಕರೆಯುತ್ತಾನೆ. ಆ ಮಳೆಗಾಲದಿಂದ ಇಂದಿನವರೆಗೆ ಅವನು ಗೆರೆ ದಾಟಿ ನನ್ನ ಕಡೆ ಕಾಲಿಟ್ಟಿಲ್ಲ. ಈಗ ಗೆರೆಯೂ ಇಲ್ಲ, ಆದರೆ ಅದು ಎಲ್ಲಿದೆ ಅಂತ ಇಬ್ಬರಿಗೂ ಗೊತ್ತು.

ಮಂಗಳೂರಿನಿಂದ ವಾಪಸು ಬಂದ ಮರುದಿನ ಮನೆಯಲ್ಲಿ ಯಾರೂ ಇರಲಿಲ್ಲ. ತಮ್ಮ ಹೊಲಕ್ಕೆ ಹೋಗಿದ್ದ, ಗೌರವ್ವ ಸಂತೆಗೆ. ಬಕೆಟ್ಟಿನಲ್ಲಿ ನೀರು ತಂದು, ಅರಿವೆ ಅದ್ದಿ ಹಿಂಡಿ, ಮೊಣಕಾಲೂರಿ ನನ್ನ ಕಡೆಯ ಗೋಡೆಯಿಂದ ಒರೆಸುತ್ತ ಹೊರಟೆ. ಗೆರೆಯ ಹತ್ತಿರ ಬಂದಾಗ ನಿಲ್ಲಲಿಲ್ಲ. ಆಚೆಯ ಗೋಡೆಯವರೆಗೂ, ಅವ್ವನನ್ನು ಕೂಡಿಸಿದ್ದ ಜಾಗದವರೆಗೂ ಒರೆಸಿದೆ. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟಿತು. ತಮ್ಮ ಯಾವಾಗಲೋ ಹೊಲದಿಂದ ಬಂದು ಬಾಗಿಲ ಹೊರಗೆ ನಿಂತಿದ್ದ. ಇಡೀ ಪಡಸಾಲೆ ಒಂದೇ ಸಮ ಒದ್ದೆಯಾಗಿ, ಒಂದೇ ಬಣ್ಣವಾಗಿ ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ಬೇಸಿಗೆಯ ಗಾಳಿಗೆ ನೆಲ ಆರುತ್ತ ಬಂತು. ಆರಿದ ಹಾಗೆಲ್ಲ ನನ್ನ ಕಡೆ ಮತ್ತೆ ಮಾಸಲು ಕೆಂಪು, ಅವನ ಕಡೆ ಬೂದು ಎದ್ದು ಬಂತು.

"ಬಾರೋ ಬಸವರಾಜ," ಅಂದೆ. "ಒಣಗೈತಿ."

ಅವನು ಹೂಂ ಅಂದ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಮನೆಯ ಬದಿಯಿಂದ ಸುತ್ತಿ, ಹಿತ್ತಲ ಬಾಗಿಲಿನಿಂದ ತನ್ನ ಅಡಿಗೆಮನೆಗೆ ಹೋದ.